ನೀಲಿ ಗೇಟು

ನೈರೋಬಿ, ನಾಲ್ಕನೇ ಮಹಡಿ. ಒಂದೊಂದಕ್ಕೂ
ಐವತ್ತೈದು ಸೆಕೆಂಡು.
ಉಬಾಹ್ ಕಿವಿಗೆ ಹೆಡ್‌ಫೋನ್ ಒತ್ತಿಕೊಂಡಳು:
ಗರೋವೆಯ ಮುದುಕನೊಬ್ಬ, ಬೊಚ್ಚುಬಾಯಿ,
ಒಂಟೆಮರಿ ಕಳಕೊಂಡು ಪದ ಕಟ್ಟಿದ್ದಾನೆ:
'ರಾತ್ರಿ ಬಂದವನೇ, ನಿನ್ನ ಗಂಟಲಲ್ಲಿ
ನನ್ನ ಈಟಿ ಮೊಳೆಯಲಿ.'

ಯಂತ್ರ ಕೆಂಪು ಬಳಿದಿತ್ತು: ಬೆದರಿಕೆ.
ಇವಳಿಗೆ ನಗು. ಕತ್ತೆಕಿರುಬಕ್ಕೆ ಹಾಕಿದ ಶಾಪ ಇದು,
ಅಜ್ಜಿ ಹಾಲು ಕರೆಯುತ್ತ ಇಂಥವು ಹತ್ತು ಹೇಳುತ್ತಿದ್ದಳು.
ಇರಲಿ, ಎಂದು ಒತ್ತಿದಳು. ಒಂಬತ್ತು ಸೆಕೆಂಡು ಉಳಿಯಿತು,
ತಣ್ಣಗಾದ ಚಹಾಕ್ಕೆ.

ಗುರುವಾರ ಅದೇ ದನಿ, ಅದೇ ಈಟಿ.
ಕೆಳಗೊಂದು ಫೋಟೋ ಅಂಟಿಸಿದ್ದಾರೆ ಯಾರೋ:
ನೀಲಿ ಗೇಟು, ಒರಗಿಸಿಟ್ಟ ಮಗುವಿನ ಸೈಕಲ್ಲು,
ಬೀದಿಯ ಹೆಸರು.
ಪದದಲ್ಲಿ ಒಂದಕ್ಷರ ಹೆಚ್ಚಿಲ್ಲ, ಕಮ್ಮಿಯಿಲ್ಲ.
ದೂರು ಕೊಟ್ಟವಳು ಆ ಮನೆಯವಳೇ ಇರಬೇಕು.
ಯಂತ್ರ ಈ ಸಲ ಸುಮ್ಮನಿತ್ತು;
ಮೊನ್ನೆ ಇವಳೇ ಅಲ್ಲವೇ ಅದಕ್ಕೆ ಕಲಿಸಿದ್ದು.

ಅಳಿಸಿದಳು.
ಎಲ್ಲ ಪ್ರತಿಗಳನ್ನೂ? ಪರದೆ ಕೇಳಿತು.
ಮುದುಕನದನ್ನೂ?
ಹದಿಮೂರು, ಹನ್ನೆರಡು, ಹನ್ನೊಂದು

ಮಟಾಟುವಿನಲ್ಲಿ ನಿಂತೇ ಹೊರಟಳು ಈಸ್ಟ್‌ಲೀಗೆ.
ಕಂಡಕ್ಟರ್ ಚಿಲ್ಲರೆ ಕೇಳಿದ. ಬಾಯಿ ತೆರೆದರೆ
ನಾಲಗೆಯ ಮೇಲೆ ಆ ಸಾಲು,
ಯಾರಿಗೆ ಅಂತ ಗೊತ್ತಿಲ್ಲ.