ಕೊಸರು

ಆ ಚಳಿಗಾಲ ಕುತೈಸಿಯಲ್ಲಿ ಕರೆಂಟಿರಲಿಲ್ಲ.
ಊರಿಗೆ ಊರೇ ಡಾರ್ಕ್‌ರೂಮು ನೋಡು
ಎಂದು ನಕ್ಕವರು ಗುರಾಮ್ ಮೇಷ್ಟ್ರು ಒಬ್ಬರೇ.

ಬಚ್ಚಲಿನ ಕಿಟಕಿಗೆ ಸೈನ್ಯದ ಹಳೇ ಕಂಬಳಿ.
ನನ್ನ ಜಡೆಯ ಕೆಂಪು ರಿಬ್ಬನ್ನು ಸುತ್ತಿದ ಟಾರ್ಚು.
ಕರೆಂಟಿಲ್ಲದ ಎನ್‌ಲಾರ್ಜರು ಮೂಲೆಯಲ್ಲಿ
ಒಂಟಿಕಾಲಿನ ಕೊಕ್ಕರೆ.
ಕಾಗದದ ಮೇಲೆ ನೆಗೆಟಿವ್, ಅದರ ಮೇಲೆ ಗಾಜು;
ಕಂಬಳಿಯ ಅಂಚು ಎತ್ತುವುದು ನನ್ನ ಕೆಲಸ,
‘ಒಂದು’ ಅನ್ನುವಷ್ಟೇ ಹೊತ್ತು.
‘ಎರಡು’ ಅಂದರೆ ಅಜ್ಜಿಯ ಮುಖ ಕಲ್ಲಿದ್ದಲು.

ಜೆನಿಟ್ ಕ್ಯಾಮೆರಾ. ರೀಲಿಗೆ ಮೂವತ್ತಾರು.
ಬ್ರೆಡ್ಡಿನ ಸಾಲಿಗೆ ನಾಲ್ಕು, ರಿಯೋನಿ ನದಿಗೆ ಎರಡು,
ಸತ್ತವರ ಮನೆಯಲ್ಲಿ, ಅವರಾಗಿ ಕೇಳಿದರೆ, ಒಂದು.
ತಟ್ಟೆಯ ದ್ರಾವಣದಲ್ಲಿ ಮೊದಲು ಹುಬ್ಬು ಬರುತ್ತಿತ್ತು,
ಆಮೇಲೆ ನಿಧಾನಕ್ಕೆ ಮನುಷ್ಯ.

ಕೆಲವು ರೀಲು ಧಾರಾಳಿ,
ಮೂವತ್ತೇಳನೆಯದನ್ನೂ ಕೊಡುತ್ತಿತ್ತು.
‘ಅದು ನಿನ್ನ ಸಂಪಾದನೆಯಲ್ಲ, ಕೊಸರು’ ಅನ್ನುತ್ತಿದ್ದರು.
ಅಂಥದೊಂದರಲ್ಲಿ ಸಿಕ್ಕಿಬಿದ್ದರು ಅವರೇ:
ಎಡಗೆನ್ನೆ, ಅರ್ಧ ಮೀಸೆ, ಸಿಗರೇಟಿನ ತುದಿ.
ಉಳಿದರ್ಧಕ್ಕೆ ಫಿಲ್ಮೇ ಮುಗಿದಿತ್ತು.

ಡಿಜಿಟಲ್ ಕೈಗೆ ಬಂದಾಗ ನಾನು
ತಿಂಗಳುಗಟ್ಟಲೆ ಅದರ ಮೇಲೆ ಮುನಿಸಿಕೊಂಡಿದ್ದೆ.
ಕ್ಲಿಕ್ಕಿಸಿದ ಮೇಲೆ ಹೆಬ್ಬೆರಳು ಈಗಲೂ
ಇಲ್ಲದ ಲಿವರನ್ನು ತಡಕುತ್ತದೆ.
ತಿಬಿಲಿಸಿಯ ಒಂದು ಮದುವೆಗೆ ಎರಡು ಸಾವಿರ ಚಿತ್ರ;
ರಾತ್ರಿ ಕಣ್ಣು ಮುಚ್ಚಿದರೆ
ಮದುಮಗಳ ಮುಖವೇ ನೆನಪಿಗಿಲ್ಲ.

ದೂರು ಹೇಳಲೆಂದೇ ಹೋದೆ ಮೇಷ್ಟ್ರ ಬಳಿ.
ಪೊರೆ ತೆಗೆಸಿ ಹದಿನೈದು ದಿನವಾಗಿತ್ತು.
ಕ್ಯಾಮೆರಾ ಕಿತ್ತುಕೊಂಡರು.
ಚಮಚ, ಬೇಲಿ, ತನ್ನದೇ ಬೋಳುತಲೆ,
ಕಂಡಕಂಡದ್ದಕ್ಕೆಲ್ಲ ಕ್ಲಿಕ್.
ಅಳಿಸುವ ಗುಂಡಿ ಸಿಕ್ಕಿದ್ದೇ ತಡ, ಕುಣಿದಾಡಿಬಿಟ್ಟರು:
‘ಮೂವತ್ತು ವರ್ಷ ನನ್ನ ತಪ್ಪುಗಳನ್ನೂ
ತೊಳೆದು, ಕ್ಲಿಪ್ಪು ಸಿಕ್ಕಿಸಿ, ಒಣಹಾಕಿದೆನಲ್ಲೇ ಹುಡುಗಿ!’

ನನಗೆ ಹೊಟ್ಟೆ ಕಿವುಚಿದ ಹಾಗೆ.

ಆ ಮಧ್ಯಾಹ್ನ ಅವರದ್ದು ನೂರಾ ಹನ್ನೆರಡು ತೆಗೆದೆ,
ಎಲ್ಲದರಲ್ಲೂ ಎರಡೂ ಕೆನ್ನೆ.
ಪಕ್ಕದಲ್ಲೇ ಕೂತು ಒಂದೊಂದಾಗಿ ಅಳಿಸುತ್ತ ಬಂದರು,
ಇದರಲ್ಲಿ ಪಾದ್ರಿಯ ಹಾಗಿದ್ದೇನೆ, ಇದರಲ್ಲಿ ಸಾಲಗಾರ,
ಇದರಲ್ಲಂತೂ ಅಪ್ಪ.
ಒಂದರ ಮೇಲೆ ಬೆರಳು ನಿಂತಿತು.
ತಲೆ ಅಲುಗಿ ಮಸುಕು, ಕಣ್ಣು ಅರೆಮುಚ್ಚಿದ್ದು,
ನಾನಾಗಿದ್ದರೆ ಮೊದಲು ಬಿಸಾಕುವಂಥದು.
‘ಇದಿರಲಿ ಲಮಾರಾ.’

ಯಾಕೆ ಮೇಷ್ಟ್ರೇ?

‘ನನ್ನನ್ನು ಬಿಡು. ಹಿಂದೆ, ಮೆಟ್ಟಿಲ ಮೇಲೆ,
ನಾಯಿ ಆಕಳಿಸುತ್ತಿದೆ.’

ಅಲ್ಲೊಂದು ನಾಯಿ ಇದ್ದದ್ದನ್ನೇ
ನಾನು ನೋಡಿರಲಿಲ್ಲ.