ತಾಟಿನ ಬೆನ್ನು

ಗಾಜಿನ ಪೆಟ್ಟಿಗಿ ಹನ್ನೊಂದು, ಕಟ್ಟಿಗಿ ಪೀಠ ಹದಿನಾಕು.
ಟೆಂಡರ್ ಕಾಗದದಾಗ ನನ್ನ ಹೆಸರು ಪೂರಾ ಇತ್ತು:
ಕಾಳಪ್ಪ ಮಾನಪ್ಪ ಬಡಿಗೇರ, ಜೋರಾಪುರ ಪೇಠ, ವಿಜಯಪುರ.
ಪ್ರದರ್ಶನದ ಹೆಸರು ನನ್ನ ಅಂಗಡಿಗಿಂತ ಉದ್ದ:
'ಚಿತ್ರಕಲೆ ಹಾಗೂ ಅಲಂಕಾರ ಕಲೆ: ಒಂದು ವಿಶೇಷ ಪ್ರದರ್ಶನ'.

ನಗಾರಖಾನಿ ಒಳಗ ತಂಪು. ಹೊರಗ ಏಪ್ರಿಲ್.
ಗೋಳಗುಮ್ಮಟದಾಗ ಕೂಗಿ ಬಂದ ಹುಡುಗರು
ಇಲ್ಲೂ ಬಾಗಿಲದಾಗ ನಿಂತು "ಹೋ" ಅಂತಾವ;
ಕಾವಲಿನ ಲಾಲಸಾಬ ತುಟಿಗೆ ಬೆರಳಿಟ್ಟು,
"ಅಲ್ಲಿ ಏಳು ಸಲ ಕೇಳ್ತದ,
ಇಲ್ಲಿ ಒಂದ್ ಸಲಾನೂ ಬ್ಯಾಡ."

ಇಂದುಮತಿ ಮೇಡಂ ಧಾರವಾಡದಿಂದ ಬಂದವರು.
ತಾವ ಟೇಪ್ ಹಿಡಿದು ಅಳತಿ ಹೇಳತಿದ್ರು, ನಾ ಬರಕೋತಿದ್ದೆ:
ಬಿದರಿ ಹುಕ್ಕಾದ ಬುಡ, ಎಂಟು ಇಂಚು.
ನಡುವ ಸವದು ಅಂಚಷ್ಟ ಉಳಿದ ಜಮಖಾನಿ, ಒಂಬತ್ತು ಫೂಟು.
ಕಸೂತಿ ಸೆರಗು, ಗೋಪುರ, ಆನಿ, ತೊಟ್ಟಿಲ; ಮಡಚಬ್ಯಾಡ್ರಿ.
ಹೂವಿನ ಗಿಡದ ಹಂತೇಕ ನಿಂತ ಯಾವದೋ ಸರದಾರ,
ಅಂಗೈಯಷ್ಟ ಚಿತ್ರ, ಮೂಗು ಗೆದ್ದಲ ತಿಂದದ.
"ಮುಟ್ಟಬ್ಯಾಡ್ರಿ ಕಾಳಪ್ಪಾ."
ಮುಟ್ಟಲಿಲ್ಲ.

ಆಮ್ಯಾಲೆ ಚೀನಾದ ತಾಟು ಬಂತು.
"ತೂಕ ಎಷ್ಟ್ರಿ ಮೇಡಂ?"
"ಯಾಕ?"
"ತೂಕ ತಿಳೀದ ಹಲಗಿ ಹೆಂಗ ಕೂಡಿಸಲಿ?
ಹಲಗಿ ಬಾಗಿದ್ರ ಒಡಿಯೂದು ನಾ ಅಲ್ಲ, ಇದು."
ಅವರು ಒಂದೀಟು ಹೊತ್ತು ನನ್ನ ಕೈ ನೋಡಿದ್ರು.
ತಮ್ಮ ಬಿಳೇ ಕೈಚೀಲ ಕಳಚಿ ಕೊಟ್ರು.
ಸಣ್ಣು ಆದವು. ಹೆಬ್ಬೆರಳಿನ ಹೊಲಿಗಿ ಬಿಚ್ಚಿತು.

ಎರಡು ಸೇರು ಜ್ವಾಳದ ಭಾರ.
ಮುಂದ ನೀಲಿ ಬಳ್ಳಿ, ಬಳ್ಳಿಗೊಂದು ನೀಲಿ ಹಕ್ಕಿ,
ಎಲ್ಲಾರೂ ನೋಡೂದು ಅದನ್ನ.
ನಾ ಹೊಳ್ಳಿಸಿದೆ.
ಬೆನ್ನ ಮ್ಯಾಲೆ, ಬಿರುಕಿನ ಗುಂಟ, ಹಿತ್ತಾಳಿ ಕೊಂಡಿ,
ಒಂದು, ಎರಡು, ಏಳು,
ಕಂಬಳಿ ಹುಳದ ಕಾಲಿನಂಗ.
ಮುಂದ ಒಂದೂ ಕಾಣೂದಿಲ್ಲ.
ಪಿಂಗಾಣಿ ದಪ್ಪದಾಗ ಅರ್ಧಕ್ಕಷ್ಟ ತೂತು ಕೊರದಾನ;
ಕೂದಲೆಳಿಯಷ್ಟು ಹೆಚ್ಚು ಹೋಗಿದ್ರ
ಹಕ್ಕಿ ಹಾರತಿತ್ತು.
ಬೈರಿಗಿ ಹಿಡಿದಾಗ ಉಸಿರು ಎಲ್ಲಿ ನಿಲ್ತದ
ಅನ್ನೂದು ನನಗ ಗೊತ್ತದ.

ಫಲಕದಾಗ ಮೇಡಂ ಬರದಿದ್ರು:
'ನೀಲಿ-ಬಿಳಿ ಪಿಂಗಾಣಿ ತಟ್ಟೆ. ಚೀನಾ.
ಸುಮಾರು ಹದಿನೇಳನೆಯ ಶತಮಾನ.
ಸ್ಥಿತಿ: ಬಿರುಕು ಬಿಟ್ಟಿದ್ದು, ದುರಸ್ತಿಗೊಂಡಿದೆ.'

ದುರಸ್ತಿಗೊಂಡಿದೆ.
ತಾನ ಎದ್ದು ದುರಸ್ತಿ ಆದಂಗ.

ಗಾಜು ಕೊಯ್ಯೂ ದಸ್ತಗೀರನ ಕಿವ್ಯಾಗ ಹೇಳಿದೆ.
ಕಟಿಂಗ್ ಅಂಗಡಿ ಕನ್ನಡಿ ಕೊಯ್ದು ಉಳಿದ ತುಂಡು
ಪೇಪರಿನ್ಯಾಗ ಸುತ್ತಿ ತಂದ. ಬಿಲ್ಲಿಗೆ ಹಿಡೀಲಿಲ್ಲ.
ತಾಟಿನ ಬುಡಕ, ಒಂದೀಟು ಓರಿ ಮಾಡಿ, ಕೂಡಿಸಿದ್ವಿ.

ಉದ್ಘಾಟನಿ ದಿನ ರಿಬ್ಬನ್, ಶಾಲು, ಪೇಢಾ.
ಭಾಷಣ ಮುಗಿಯೂದಕ್ಕ ಕರೆಂಟ್ ಹೋತು.
ಮೊಬೈಲ್ ಬೆಳಕ ಹಿಡಕೊಂಡು ಮೇಡಂ ಒಂದೊಂದ ಪೆಟ್ಟಿಗಿ ನೋಡಕೋತ
ತಾಟಿನ ಮುಂದ ಬಂದು ನಿಂತ್ರು.
ಬಗ್ಗಿದ್ರು. ಕನ್ನಡಿ ಕಂಡ್ರು. ಹೊಳ್ಳಿ ನನ್ನ ಕಂಡ್ರು.
ಏನೂ ಅನಲಿಲ್ಲ.
ಸಿಟ್ಟೋ ಏನೋ, ತಿಳಿಯಾಕ ಬೆಳಕ ಸಾಲಲಿಲ್ಲ.

ಮೂರನೇ ದಿನಕ್ಕ ಸಾಲಿ ಹುಡುಗ್ಯಾರು ಬಂದ್ರು.
ಹಕ್ಕಿ ನೋಡಿದ್ರು, ಮುಂದ ಹೋದ್ರು.
ಬೂಟಿನ ದಾರ ಕಟ್ಟಾಕ ಕುಂತ ಒಂದು ಹುಡುಗಿ
ಮ್ಯಾಲೆ ಏಳಲೇ ಇಲ್ಲ.
"ಟೀಚರ್, ಇದಕ್ಕ ಹೊಲಿಗಿ ಹಾಕ್ಯಾರ್ರಿ!
ನಮ್ಮಪ್ಪನ ಮೊಣಕಾಲಿಗೆ ಹಾಕಿದಂಗ!"
"ಸಾಲು ಬಿಡಬ್ಯಾಡ ಶಾರವ್ವಾ," ಅಂದ್ರು ಟೀಚರ್.

ಆ ಪೀಠದ ಒಳಮೈಗೆ, ಕೆಳಗಿನ ಹಲಗಿ ಮ್ಯಾಲೆ,
ನನ್ನ ಪೆನ್ಸಿಲ್ಲಿನ ಗುರುತು ಹಂಗ ಉಳದಾವ:
ಮೂವತ್ನಾಕು, ಹದಿನೆಂಟು,
ಬಾಜೂಕ, ಚಾ ಆರು, ದಸ್ತಗೀರಗ ಕೊಡೂದು ನಲವತ್ತು.
ಒರಸಬೇಕಂತ ಮಾಡಿದ್ದೆ.
ಎಲ್ಲಾ ಕಡೆ ಪಾಲಿಶ್ ಹೊಡದೆ, ಅಲ್ಲಿ ಬಿಟ್ಟೆ.
ನಲವತ್ತು ರೂಪಾಯಿ ಇನ್ನೂ ಕೊಟ್ಟಿಲ್ಲ.