ಫೆಬ್ರವರಿ ಎಂಟರ ಮನೆ

ನವೆಂಬರ್ ಕೊನೆಗೆ ಬೆಟ್ಟದ ಹಿಂದೆ ಇಳಿದ ಸೂರ್ಯ
ಮತ್ತೆ ಇಣುಕುವುದು ಜನವರಿ ಇಪ್ಪತ್ತೈದಕ್ಕೆ.
ಐಸ್‌ಲ್ಯಾಂಡಿನ ವಾಯವ್ಯ ಮೂಲೆ ನಮ್ಮದು,
ಮೂರು ಕಡೆ ಬೆಟ್ಟ, ಒಂದು ಕಡೆ ಕಡಲು,
ಆ ಕಡಲೂ ಬೆಟ್ಟಗಳ ನಡುವೆ ಸಿಕ್ಕಿಕೊಂಡದ್ದು.

ಆ ದಿನ ಶಾಲೆಯಲ್ಲಿ ಪಾಠವಿಲ್ಲ.
ದೋಸೆಗಿಂತ ತೆಳ್ಳಗಿನ ಪ್ಯಾನ್‌ಕೇಕು, ಮೇಲೆ ಜಾಮು,
ದೊಡ್ಡವರಿಗೆ ಕಾಫಿ.
ಮಕ್ಕಳೆಲ್ಲ ಅಂಗಳಕ್ಕೆ ನುಗ್ಗಿ
ಹಿಮದ ಮೇಲೆ ಬಿದ್ದ ಹಳದಿ ಪಟ್ಟಿಯನ್ನು ತುಳಿದೇ ತುಳಿದರು.
ನಾಲ್ಕು ನಿಮಿಷ. ಮತ್ತೆ ಬೆಟ್ಟ ನುಂಗಿತು.

ಕೋಲ್ಬೇನ್ ಬರಲಿಲ್ಲ.
ಬಾಗಿಲ ಬಳಿಯ ಬೆಂಚಿನ ಮೇಲೆ,
ಬೇರೆಯವರ ಜಾಕೆಟ್ಟುಗಳ ಸಾಲಿನ ಕೆಳಗೆ,
ಒಂದು ಬೂಟು ಕಾಲಿಗೆ, ಇನ್ನೊಂದು ಮಡಿಲಲ್ಲಿ,
ಹಾಗೇ ಕೂತಿದ್ದ. ಒಂಬತ್ತು ವರ್ಷ.

ನಾನು ಶಾಲೆಯ ನರ್ಸು.
ತರಚಿದ ಮಂಡಿಗೆ ಪಟ್ಟಿ, ಕಿವಿನೋವಿಗೆ ಹನಿ, ಹೇನಿಗೆ ಬಾಚಣಿಗೆ.
ಸೆಪ್ಟೆಂಬರಿನಿಂದ ಹದಿನಾಲ್ಕು ಸಲ ಬಂದಿದ್ದ, ಹೊಟ್ಟೆನೋವೆಂದು.
ಹದಿನಾಲ್ಕು ಸಲವೂ ಮುಟ್ಟಿ ನೋಡಿದೆ,
ಹೊಟ್ಟೆ ಮೆತ್ತಗೇ ಇತ್ತು.
ಬಿಸಿನೀರಿನ ಚೀಲ ಕೊಟ್ಟು ಕಳಿಸಿದೆ.

ಗೊತ್ತಿರಲಿಲ್ಲವೆಂದಲ್ಲ. ಚಿಕ್ಕ ಊರು,
ಯಾರ ಒಲೆ ಹೊತ್ತಿಲ್ಲವೆಂಬುದು ಎಲ್ಲರಿಗೂ ಗೊತ್ತು.
ಅವನಪ್ಪ ದೋಣಿಯ ಪಾಲು ಮಾರಿ ದಕ್ಷಿಣಕ್ಕೆ ಹೋದ,
ಮೊದಲು ಭಾನುವಾರದ ಫೋನಾದ, ಆಮೇಲೆ ಅದೂ ಅಲ್ಲ.
ಅಮ್ಮ ಥೋರ್ಗುನ್ನಾ ಮೀನಿನ ಕಾರ್ಖಾನೆ ಬಿಟ್ಟು
ಗೋಡೆಯ ಕಡೆ ತಿರುಗಿ ಮಲಗಿದಳು.
ಅವಳ ಅಮ್ಮನೂ ಹೀಗೇ ಮಲಗುತ್ತಿದ್ದಳು, ನಾನು ಸಣ್ಣವಳಿದ್ದಾಗ.
'ಅವಳಿಗೆ ಚಳಿಗಾಲ' ಎನ್ನುತ್ತಿದ್ದರು,
'ಅವಳಿಗೆ ಜ್ವರ' ಎಂದ ಹಾಗೆ.
ಇದ್ದೊಬ್ಬ ಗೆಳೆಯ, ಪೋಲೆಂಡಿನ ಇಗ್ನಾಸಿ,
ಆಗಸ್ಟಿನಲ್ಲಿ ಪೆಟ್ಟಿಗೆಗಳೊಡನೆ ವಿಮಾನ ಹತ್ತಿದ.
ಉಳಿದವರು ಇವನ ತೊದಲನ್ನು ಚೆನ್ನಾಗಿ ಕಲಿತಿದ್ದರು,
ಬಸ್ಸಿನಲ್ಲಿ ಒಬ್ಬರಾದ ಮೇಲೊಬ್ಬರು ಆಡಿ ತೋರಿಸುವಷ್ಟು.

ಗಲಾಟೆಯಿಲ್ಲದ ಹುಡುಗ, ಸ್ವಲ್ಪ ಮಂಕು,
ಅಂದಿದ್ದರು ಮೇಷ್ಟ್ರು.
ದೀಪ ಮಂಕಾದರೆ ಎಣ್ಣೆ ನೋಡುತ್ತೇವೆ.

ಊರಿನ ಮೇಲೆ ಹಿಮ ಜಾರಿ ಬೀಳದಿರಲೆಂದು
ಬೆಟ್ಟದಲ್ಲಿ ಕಂಬ ನೆಟ್ಟಿದ್ದೇವೆ.
ಯಾವ ಪದರ ಯಾವ ಪದರದ ಮೇಲೆ ಕೂತಿದೆ, ಎಷ್ಟು ಸಡಿಲ,
ಬರೆದಿಡುವವನೊಬ್ಬನಿಗೆ ಸಂಬಳ ಕೊಡುತ್ತೇವೆ.
ಹುಡುಗನಿಗೆ ನಾನು ಬಿಸಿನೀರಿನ ಚೀಲ ಕೊಟ್ಟೆ.

'ಬಿಸಿಲು ಬಂತಲ್ಲೋ, ನೋಡಲಿಲ್ಲವಾ?'
'ಅದು ಶಾಲೆಯ ಬಿಸಿಲು' ಎಂದ.
'ನಮ್ಮನೆಗೆ ಬರೋದು ಫೆಬ್ರವರಿ ಎಂಟಕ್ಕೆ.'
ಒಂದಕ್ಷರವೂ ತೊದಲಲಿಲ್ಲ.

ಹೌದು. ಒಂದೇ ಊರು, ಒಂದೇ ಚಳಿಗಾಲ,
ಬಂದರಿನ ಬೀದಿಗೆ ಇಪ್ಪತ್ತೈದು,
ಚರ್ಚಿನ ಬೀದಿಗೆ ಇಪ್ಪತ್ತೊಂಬತ್ತು,
ಬೆಟ್ಟದ ಬುಡಕ್ಕಂಟಿದ ಆ ಏಳು ಮನೆಗಳಿಗೆ
ಮತ್ತೂ ಹತ್ತು ದಿನ.
ಬೆಟ್ಟ ಅವನು ತಂದಿಟ್ಟದ್ದಲ್ಲ.
ಹಬ್ಬದ ತಾರೀಖು ಗೊತ್ತುಮಾಡಿದವರು
ಬಂದರಿನ ಬೀದಿಯವರು.

ಫೋನು ಮಾಡಿದೆ, ಡಾಕ್ಟರಿಗೆ, ಅವನಪ್ಪನಿಗೆ, ಮತ್ತೆ ಡಾಕ್ಟರಿಗೆ;
ಸೆಪ್ಟೆಂಬರಿನಲ್ಲೇ ಮಾಡಬೇಕಿದ್ದವು.
ಎಂಟಕ್ಕೆ ಹಿಟ್ಟು ಕಲಸಿಕೊಂಡು ಹೋದೆ.

ಮೋಡ.
ಅಡುಗೆಮನೆಯ ಕಿಟಕಿ ಪಾತ್ರೆ ತೊಳೆದ ನೀರಿನಂತೆ.
ಮೊದಲನೆಯದು ಬಾಣಲೆಗೆ ಅಂಟಿಕೊಂಡು ಹರಿಯಿತು,
ಅದನ್ನು ನಾನು ತಿಂದೆ.
ಎರಡನೆಯದು ಅವನು, ನಿಂತುಕೊಂಡೇ.
ಮೂರನೆಯದನ್ನು ತಟ್ಟೆಗೆ ಹಾಕಿ, ನಾಲ್ಕಾಗಿ ಮಡಿಸಿ,
ತಣಿಯದಂತೆ ಮೇಲೊಂದು ತಟ್ಟೆ ಕವುಚಿ
ಅಮ್ಮನ ಕೋಣೆಯ ಹೊರಗಿಟ್ಟ.
ಕದ ತಟ್ಟಲಿಲ್ಲ. ಎದುರಿಗೇ ನೆಲದಲ್ಲಿ ಕೂತ.
ನನ್ನ ಮಂಡಿ ಹಿಡಿಯುತ್ತದೆ, ಆದರೂ ಕೂತೆ.

'ಮೋಡ ಇದ್ರೂ ಬ-ಬಂದ ಲೆಕ್ಕಾನಾ?'
'ಗೊತ್ತಿಲ್ಲ ಕಣೋ' ಎಂದೆ.
ಅವನು ತಲೆಯಾಡಿಸಿದ,
ನಿಜ ಹೇಳಿದ್ದಕ್ಕೆ ಒಪ್ಪಿಕೊಂಡವನಂತೆ.

ಒಳಗೆ ಮಂಚ ಕಿರುಗುಟ್ಟಿತು,
ಒಂದು ಸಲ.